ನಂಬರಿಲ್ಲದ ಹಾಸಿಗೆ

ಆಸ್ಪತ್ರೆಯಲ್ಲಿ ಅವಳಿಗೆ ಎದುರಿಗೆ ದೊಡ್ಡ ಸಿಸ್ಟರ್ ಎಂದೂ ಬೆನ್ನ ಹಿಂದೆ ಪಟ್ಟಿಯಮ್ಮ ಎಂದೂ ಹೆಸರಿತ್ತು. ಎರಡನೆಯದು ಅವಳ ಕಿವಿಗೆ ಬಿದ್ದಿಲ್ಲವೆಂದು ಉಳಿದವರೆಲ್ಲ ನಂಬಿಕೊಂಡಿದ್ದರು. ಬಿದ್ದಿತ್ತು. ಒಳಗೊಳಗೇ ಸ್ವಲ್ಪ ಖುಷಿಯೂ ಆಗಿತ್ತು. ಯಾವ ಕೆಲಸವಾದರೂ ಸರಿ, ಅವಳಿಗೆ ಮೊದಲು ಒಂದು ಹಾಳೆ ಬೇಕು. ಎಡಕ್ಕೆ ನಂಬರು, ನಡುವೆ ವಿವರ, ಬಲಕ್ಕೆ ಸರಿ ಗುರುತು ಹಾಕಲು ಜಾಗ. ಹಾಳೆಯಲ್ಲಿ ಬರೆದದ್ದು ಆಗಿಯೇ ತೀರಬೇಕು, ಆಗುವ ತನಕ ಅವಳೂ ಕೂರುವುದಿಲ್ಲ, ಸುತ್ತಲಿನವರನ್ನೂ ಕೂರಲು ಬಿಡುವುದಿಲ್ಲ. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು.

ಹಾಗಾಗಿ ಹಳೆಯ ಕಟ್ಟಡದ ಎರಡನೇ ಮಹಡಿಯ ವಾರ್ಡನ್ನು ರಸ್ತೆಯಾಚೆಯ ಹೊಸ ಕಟ್ಟಡಕ್ಕೆ ಸಾಗಿಸುವ ಕೆಲಸ ಬಂದಾಗ, ಆಸ್ಪತ್ರೆಯ ಮುಖ್ಯಸ್ಥರಾದ ಸಾಹೇಬರು ಎರಡು ಮಾತಿಲ್ಲದೆ ಅದನ್ನು ಅವಳ ತಲೆಗೆ ಕಟ್ಟಿದರು. ಮೂವತ್ತಾರು ರೋಗಿಗಳು, ಬಹಳಷ್ಟು ಮಂದಿ ಉಸಿರಾಟದ ತೊಂದರೆಯವರು. ಬೆಳಗ್ಗೆ ಎಂಟಕ್ಕೆ ಶುರು, ಸಂಜೆ ಆರಕ್ಕೆ ಮುಕ್ತಾಯ. ಆರಕ್ಕೆ ಹಳೆಯ ಕಟ್ಟಡದ ಆಕ್ಸಿಜನ್ ಪೈಪನ್ನು ಮುಚ್ಚಿಬಿಡಬೇಕು. ಎರಡೂ ಕಟ್ಟಡಕ್ಕೆ ಇದ್ದದ್ದು ಒಂದೇ ದೊಡ್ಡ ಟ್ಯಾಂಕು, ಅದು ಎರಡು ಮನೆಯ ಸಂಸಾರವನ್ನು ಬಹಳ ಹೊತ್ತು ತೂಗಿಸುವಂಥದ್ದಲ್ಲ.

ಮೂರು ತಿಂಗಳು ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಪಟ್ಟಿ ಮಾಡಿದಳು. ಯಾರು ಮೊದಲು, ಯಾರು ಆಮೇಲೆ, ಯಾವ ಸ್ಟ್ರೆಚರ್‌ಗೆ ಯಾರು ಕೈ ಹಾಕಬೇಕು, ಮೂರೇ ಮೂರು ಚಿಕ್ಕ ಸಿಲಿಂಡರ್‌ಗಳಲ್ಲಿ ಯಾವುದು ಯಾರ ಜೊತೆ ಹೋಗಿ ಎಷ್ಟು ಹೊತ್ತಿಗೆ ವಾಪಸು ಬರಬೇಕು, ಎಲ್ಲವೂ ಅದರಲ್ಲಿತ್ತು. ರೋಗಿಗಳ ಮನೆಯವರು ಆ ದಿನ ಹಳೆಯ ಕಟ್ಟಡಕ್ಕೆ ಕಾಲಿಡಕೂಡದು, ಹೊಸ ವಾರ್ಡಿನಲ್ಲೇ ಕಾಯಬೇಕು ಎಂಬ ನಿಯಮವೂ ಅವಳದೇ.

ಪಟ್ಟಿ ಅಚ್ಚಾಗಿ ಬಂದ ಮಾರನೇ ದಿನ ಅವಳ ಅಮ್ಮನಿಗೆ ಉಸಿರು ಕಟ್ಟಿತು.

ಅಮ್ಮನಿಗೆ ಶ್ವಾಸಕೋಶದ ಕಾಯಿಲೆ ಹೊಸದಲ್ಲ. ಆದರೆ ಈ ಸಲ ದೊಡ್ಡ ಸಿಸ್ಟರಿನ ತಮ್ಮ ತಾಯಿಯನ್ನು ಎತ್ತಿಕೊಂಡೇ ಬರಬೇಕಾಯಿತು. ವಾರ್ಡಿನಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಅಂಥ ಹೊತ್ತಿಗೆ ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿಯಿತ್ತು: ಸಿಬ್ಬಂದಿಯ ಮನೆಯವರು ಬಂದರೆ ಕಾರಿಡಾರಿನ ಕೊನೆಯಲ್ಲಿ ನರ್ಸುಗಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂದು ಮಂಚ ಹಾಕಿ ಮಲಗಿಸುತ್ತಿದ್ದರು. ಅಲ್ಲಿ ಗೋಡೆಯಲ್ಲಿ ಆಕ್ಸಿಜನ್ ಪಾಯಿಂಟೂ ಇತ್ತು, ಕಿಟಕಿಯೂ ಇತ್ತು. ಆ ಹಾಸಿಗೆಗೆ ನಂಬರು ಮಾತ್ರ ಇರಲಿಲ್ಲ. ಮನೆಯವರಿಗೆ ಯಾರಾದರೂ ನಂಬರು ಹಾಕುತ್ತಾರೆಯೇ? ಅದು ಗೌರವ, ಅದು ಪ್ರೀತಿ. ಆ ಕೋಣೆಯಲ್ಲಿ ಮಲಗಿದವರನ್ನು ನೋಡಿಕೊಳ್ಳಲು ಯಾರಿಗೂ ಕೆಲಸ ಹಂಚುತ್ತಲೂ ಇರಲಿಲ್ಲ, ಏಕೆಂದರೆ ಅವರ ಮನೆಯವರೇ ಅಲ್ಲಿ ಓಡಾಡುತ್ತಿರುತ್ತಾರಲ್ಲ.

ದೊಡ್ಡ ಸಿಸ್ಟರ್ ತನ್ನ ಪ್ರತಿಯಲ್ಲಿ ಇಪ್ಪತ್ತಕ್ಕೂ ಇಪ್ಪತ್ತೊಂದಕ್ಕೂ ನಡುವೆ ಪೆನ್ಸಿಲಿನಿಂದ ‘ಅಮ್ಮ’ ಎಂದು ಬರೆದುಕೊಂಡಳು. ಅಷ್ಟು ಸಾಕೆನಿಸಿತು.

ಸಾಗಿಸುವ ದಿನ ಬೆಳಗ್ಗೆ ಅಮ್ಮನಿಗೆ ಮುಖ ಒರೆಸಿ, ಮೂಗಿನ ನಳಿಕೆ ಸರಿಮಾಡಿ, ತಮ್ಮನನ್ನು ಹೊಸ ಕಟ್ಟಡಕ್ಕೆ ಓಡಿಸಿದಳು. ತಮ್ಮ ದರ್ಜಿ, ಮದುವೆಯಿಲ್ಲ, ಅಮ್ಮನ ಜೊತೆಗೇ ಇದ್ದವನು. ಅಂಗಡಿ ಮುಚ್ಚಿ ಮೂರು ದಿನದಿಂದ ಇಲ್ಲೇ ಬಿದ್ದುಕೊಂಡಿದ್ದ.

"ನಾನು ಇಲ್ಲೇ ಇರ್ತೀನಿ ಬಿಡಕ್ಕ. ಒಂದು ಮೂಲೇಲಿ ಕೂತಿರ್ತೀನಿ, ಯಾರಿಗೇನು ತೊಂದ್ರೆ?"

"ಮೂವತ್ತಾರು ಮನೆಯವರನ್ನ ಆಚೆ ಕಳಿಸಿ ನಿನ್ನೊಬ್ಬನ್ನ ಇಟ್ಕೊಂಡ್ರೆ ನನ್ನ ಮುಖಕ್ಕೆ ಉಗೀತಾರೆ. ಹೋಗು, ಅಲ್ಲಿ ಹಾಸಿಗೆ ಸರಿಮಾಡು. ಹನ್ನೊಂದು ಗಂಟೆಗೆ ಕರ್ಕೊಂಡು ಬರ್ತೀನಿ."

"ಹೋಗೋ ಮಾರಾಯ," ಎಂದಳು ಅಮ್ಮ, ಪ್ರತಿ ಎರಡು ಪದಕ್ಕೂ ಒಂದು ಉಸಿರೆಳೆದುಕೊಂಡು. "ಅವಳ ಪಟ್ಟಿ ಕೆಡಿಸ್ಬೇಡ. ಆಮೇಲೆ ನಮ್ಮಿಬ್ಬರಿಗೂ ಬೈತಾಳೆ."

ಒಂಬತ್ತರ ತನಕ ಎಲ್ಲವೂ ಹಾಳೆಯಲ್ಲಿ ಬರೆದಂತೆಯೇ ನಡೆಯಿತು. ಆರು ಜನ ದಾಟಿದರು. ಏಳನೆಯವರನ್ನು ಸ್ಟ್ರೆಚರ್‌ಗೆ ಹಾಕುವಾಗ ಕಿರಿಯ ನರ್ಸೊಬ್ಬಳು ಏದುಸಿರು ಬಿಡುತ್ತ ಬಂದಳು.

"ಸಿಸ್ಟರ್, ಲಿಫ್ಟು ನಿಂತೋಯ್ತು."

"ಒಳಗೆ ಯಾರಿದ್ದಾರೆ?"

"ಯಾರೂ ಇಲ್ಲ, ಬರೀ ಖಾಲಿ ಸ್ಟ್ರೆಚರ್. ರಿಪೇರಿಯವರು ಸಾಯಂಕಾಲ ಬರ್ತಾರಂತೆ."

ಬೇರೆಯವರಾಗಿದ್ದರೆ ಅಲ್ಲೇ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ದೊಡ್ಡ ಸಿಸ್ಟರ್ ಕೂರಲಿಲ್ಲ, ಅದು ಅವಳ ಜಾಯಮಾನವೇ ಅಲ್ಲ. ಕಟ್ಟಡದ ಹಿಂಬದಿಯಲ್ಲಿ ಸ್ಟ್ರೆಚರ್ ಇಳಿಸಲು ಕಟ್ಟಿದ ಹಳೆಯ ರ‍್ಯಾಂಪ್ ಒಂದಿತ್ತು. ವರ್ಷಗಳಿಂದ ಮುರಿದ ಕುರ್ಚಿ, ತುಕ್ಕು ಹಿಡಿದ ಕಪಾಟು ತುಂಬಿಕೊಂಡಿತ್ತು. ಹತ್ತೇ ನಿಮಿಷದಲ್ಲಿ ಅದನ್ನು ಖಾಲಿ ಮಾಡಿಸಿದಳು. ಆದರೆ ಆ ಇಳಿಜಾರಿನಲ್ಲಿ ಒಂದು ಸ್ಟ್ರೆಚರ್‌ಗೆ ಇಬ್ಬರು ಸಾಲದು, ನಾಲ್ವರು ಬೇಕು. ಒಬ್ಬರನ್ನು ದಾಟಿಸಲು ಮೊದಲಿಗಿಂತ ಹೆಚ್ಚು ಸಮಯ. ಹಳೆಯ ಕ್ರಮ ಇನ್ನು ಉಪಯೋಗಕ್ಕೆ ಬಾರದು.

ಅವಳು ಹಾಳೆಯನ್ನು ಮಗುಚಿ, ಹಿಂಬದಿಯ ಬಿಳಿಯಲ್ಲಿ ನಿಂತಲ್ಲೇ ಹೊಸ ಪಟ್ಟಿ ಬರೆದಳು. ಉಸಿರು ಕಡಿಮೆ ಇದ್ದವರು ಮೊದಲು, ಮೈ ಭಾರದವರು ಜನ ದಣಿಯುವ ಮುಂಚೆ, ಗಟ್ಟಿಯಿದ್ದವರು ಕೊನೆಗೆ. ಒಂದು ನಂಬರೂ ತಪ್ಪಲಿಲ್ಲ. ಮೂವತ್ತು ನಂಬರುಗಳನ್ನು ಬರೆದು ಮುಗಿಸಿದಾಗ ಪೆನ್ನು ಒಂದು ಗಳಿಗೆ ಕೊನೆಯ ಸಾಲಿನ ಕೆಳಗೆ ನಿಂತಿತು. ಅಮ್ಮ ಹಳೆಯ ಜಾಗದಲ್ಲಿ ಬರುವಂತಿಲ್ಲ. ಹದಿನಾರು ಮಂದಿ ಹಿಂದೆ ಉಳಿದಿರುವಾಗ ಪಟ್ಟಿಯಮ್ಮ ತನ್ನ ತಾಯಿಯನ್ನು ದಾಟಿಸಿಕೊಂಡಳೆಂದು ನಾಳೆ ಯಾರಾದರೂ ಆಡಿಕೊಂಡರೆ? ಅಮ್ಮ ಕೊನೆಗಿರಲಿ. ಬೇರೆಯವರ ಅಮ್ಮಂದಿರನ್ನು ಕಾಯಿಸಿದರೆ ಜಗಳಕ್ಕೆ ಬರುತ್ತಾರೆ, ತನ್ನ ಅಮ್ಮ ಬರುವುದಿಲ್ಲ. ಕೊನೆಗೆ ಎಂದಾದ ಮೇಲೆ ಬರೆಯುವುದೇನು? ತನ್ನ ಅಮ್ಮನನ್ನು ತಾನು ಮರೆಯುತ್ತೇನೆಯೇ? ಪೆನ್ನಿಗೆ ಮುಚ್ಚಳ ಹಾಕಿದಳು.

ಆ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಹಂಚಲಾಯಿತು.

ಮಧ್ಯಾಹ್ನದ ಹೊತ್ತಿಗೆ ರ‍್ಯಾಂಪ್ ಇಳಿಸುವವರ ಅಂಗಿಗಳೆಲ್ಲ ಬೆನ್ನಿಗೆ ಅಂಟಿದ್ದವು. ಅವಳಿಗೆ ಉಸಿರು ಬಿಡಲೂ ಪುರುಸೊತ್ತಿರಲಿಲ್ಲ. ಈ ಕಟ್ಟಡದಿಂದ ಆ ಕಟ್ಟಡಕ್ಕೆ, ಆ ಕಟ್ಟಡದಿಂದ ಈ ಕಟ್ಟಡಕ್ಕೆ. ಹೊಸ ವಾರ್ಡಿನ ಬಾಗಿಲಲ್ಲಿ ತಮ್ಮ ಪ್ರತಿ ಸಲವೂ ಎದ್ದು ನಿಲ್ಲುತ್ತಿದ್ದ. ಪ್ರತಿ ಸಲವೂ ಅವಳು ಕೈಯಲ್ಲೇ ‘ಆಮೇಲೆ’ ಎನ್ನುತ್ತಿದ್ದಳು.

ಒಂದೂವರೆಗೆ ಒಂದು ಸ್ಟ್ರೆಚರ್ ಬಿಡುವಾಯಿತು, ಒಂದು ಚಿಕ್ಕ ಸಿಲಿಂಡರೂ ಸಿಕ್ಕಿತು. ಮುಂದಿನ ರೋಗಿಯನ್ನು ಇನ್ನೂ ಡಾಕ್ಟರು ನೋಡಬೇಕಿತ್ತು, ಕಾಲು ಗಂಟೆ ಬೇಕಿತ್ತು. ಈ ಬಿಡುವಿನಲ್ಲಿ ಅಮ್ಮನನ್ನು ದಾಟಿಸಿದರೆ ಯಾರ ಪಾಲನ್ನೂ ಕಿತ್ತುಕೊಂಡಂತಾಗದು. ಅವಳೇ ಸಿಲಿಂಡರನ್ನು ಎಳೆದುಕೊಂಡು ಕೊನೆಯ ಕೋಣೆಗೆ ಹೋದಳು. ಅಮ್ಮ ಎದ್ದು ಕೂತಿದ್ದಳು. ತಲೆ ಬಾಚಿಕೊಂಡಿದ್ದಳು. ಬಟ್ಟೆಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸಿಗೆ ಕಾದವಳಂತೆ ಬಾಗಿಲನ್ನೇ ನೋಡುತ್ತಿದ್ದಳು.

"ಬಂತಾ ನನ್ನ ಸರದಿ?"

"ಬಂತು ಬಂತು. ನಿಧಾನಕ್ಕೆ ಏಳು, ಅವಸರ ಮಾಡ್ಬೇಡ."

"ನಂಗೇನು ಅವಸರ. ನಿನ್ನ ಮುಖ ನೋಡು, ಬಿಳಿಚಿಕೊಂಡಿದೆ. ಬೆಳಗ್ಗೆಯಿಂದ ಏನಾದ್ರೂ ತಿಂದ್ಯಾ?"

ಸಿಲಿಂಡರಿನ ನಳಿಕೆಯನ್ನು ಅವಳು ಕೈಗೆ ತೆಗೆದುಕೊಂಡದ್ದಷ್ಟೇ, ವಾರ್ಡಿನ ಕಡೆಯಿಂದ ಕೂಗು ಕೇಳಿತು. ಹದಿನಾಲ್ಕನೇ ನಂಬರಿನ ರೋಗಿ. ಬಸ್ ಡ್ರೈವರ್ ಆಗಿದ್ದ ಮನುಷ್ಯ, ಮೂರು ಮಕ್ಕಳ ತಂದೆ. ರ‍್ಯಾಂಪಿನ ನಡುವೆ ಅವನ ಸಿಲಿಂಡರ್ ಖಾಲಿಯಾಗಿ ತುಟಿ ನೀಲಿಗಟ್ಟುತ್ತಿತ್ತು. ಕಿರಿಯ ನರ್ಸು ಬಾಗಿಲಲ್ಲಿ ಬಂದು ನಿಂತಳು, ಕಣ್ಣು ಅಮ್ಮನ ಪಕ್ಕದ ಸಿಲಿಂಡರ್ ಮೇಲೆ.

ದೊಡ್ಡ ಸಿಸ್ಟರ್ ಅಮ್ಮನ ಮುಖ ನೋಡಿದಳು.

"ತಗೊಂಡು ಹೋಗಮ್ಮ," ಎಂದಳು ಅಮ್ಮ, ನರ್ಸಿಗೆ. "ನಂಗೆ ಗೋಡೇದು ಇದೆಯಲ್ಲ."

"ಹತ್ತು ನಿಮಿಷದಲ್ಲಿ ಬರ್ತೀನಿ ಅಮ್ಮ."

"ಬಾ. ನಾನೆಲ್ಲಿಗೆ ಹೋಗ್ತೀನಿ?"

ಡ್ರೈವರ್ ಉಳಿದ. ಆ ಹತ್ತು ನಿಮಿಷ ಮಾತ್ರ ಮತ್ತೆ ಬರಲಿಲ್ಲ. ಎರಡಕ್ಕೆ ರಸ್ತೆಯಲ್ಲಿ ನೀರಿನ ಪೈಪು ಅಗೆಯುವವರು ಗುದ್ದಲಿ ಹಿಡಿದು ಬಂದು ಹೊಸ ಕಟ್ಟಡದ ಗೇಟಿನೆದುರೇ ಗುಂಡಿ ತೋಡಲು ನಿಂತರು. ಅವರಿಗೂ ಒಂದು ಪಟ್ಟಿ ಇತ್ತಂತೆ, ಅದರಲ್ಲಿ ಇವತ್ತಿನ ತಾರೀಖು ಇತ್ತಂತೆ. ಅವರ ಜೊತೆ ಬಾಯಿ ಮಾಡಿ, ಹಲಗೆ ಹಾಸಿಸಿ, ಸ್ಟ್ರೆಚರ್‌ಗಳನ್ನು ಅದರ ಮೇಲೆ ಉರುಳಿಸಿ ದಾಟಿಸಿದ್ದಾಯಿತು. ಒಂದೊಂದು ಸಲ ಒಂದೊಂದು ಅಡ್ಡಿ ಬಂದಾಗಲೂ ಅವಳು ಎಲ್ಲಿಂದಲೋ ಸ್ವಲ್ಪ ಸಮಯ ಕಿತ್ತು ತಂದಳು. ಎಲ್ಲಿಂದಲೋ ಏನು ಬಂತು, ಒಂದೇ ಕಡೆಯಿಂದ ತಂದಳು. ಕೊನೆಯ ಕೋಣೆಯಿಂದ.

ಮೂರೂ ಇಪ್ಪತ್ತಕ್ಕೆ ಪಟ್ಟಿಯ ಕೊನೆಯ ನಂಬರು ಹೊರಟಿತು. ನಿತ್ರಾಣದ ಮುದುಕ, ದಾರಿಯಲ್ಲಿ ಕೈಕೊಟ್ಟರೂ ಕೊಟ್ಟನೇ. ದೊಡ್ಡ ಸಿಸ್ಟರ್ ತಾನೇ ಜೊತೆಗೆ ನಡೆದಳು. ಇವನನ್ನು ಮಲಗಿಸಿ, ಇದೇ ಸ್ಟ್ರೆಚರ್ ತಿರುಗಿಸಿಕೊಂಡು ಬಂದು ಅಮ್ಮನನ್ನು ಕರೆದೊಯ್ಯುವುದು. ಮನಸ್ಸಿನಲ್ಲಿ ಅದು ಸ್ಪಷ್ಟವಾಗಿಯೇ ಇತ್ತು.

ಹೊಸ ವಾರ್ಡಿನ ಒಳಗೆ ಕಾಲಿಟ್ಟಾಗ ಅಲ್ಲಿ ಯಾರ ಮುಖದಲ್ಲೂ ರಕ್ತವಿರಲಿಲ್ಲ. ಗೋಡೆಯ ಮೀಟರುಗಳ ಮುಳ್ಳು ಒಂದೇ ಸಮನೆ ಇಳಿಯುತ್ತಿತ್ತು. ಎಂಟು ಮಂದಿ ಪೂರಾ ಪೈಪಿನ ಗಾಳಿಯ ಮೇಲೆಯೇ ಬದುಕಿದ್ದವರು, ಅವರ ಎದೆ ಕಮ್ಮಾರನ ತಿದಿಯ ಹಾಗೆ ಏರಿಳಿಯುತ್ತಿತ್ತು. ಕಾರಣ ಅವಳಿಗೆ ಥಟ್ಟನೆ ಹೊಳೆಯಿತು. ಅವಸರದಲ್ಲಿ ರೋಗಿಗಳನ್ನು ಎಬ್ಬಿಸಿಕೊಂಡು ಬಂದವರು ಹಳೆಯ ವಾರ್ಡಿನ ಗೋಡೆಯ ಪಾಯಿಂಟುಗಳನ್ನು ತಿರುಗಿಸಿ ಮುಚ್ಚಿರಲಿಲ್ಲ. ಖಾಲಿ ಹಾಸಿಗೆಗಳ ಮೇಲೆ ಆಕ್ಸಿಜನ್ ಬುಸುಬುಸು ಸೋರಿಹೋಗುತ್ತಿತ್ತು. ಒಂದೊಂದೇ ಹುಡುಕಿ ಮುಚ್ಚಲು ಕಾಲು ಗಂಟೆ ಬೇಕು. ಕಾಲು ಗಂಟೆ ಇಲ್ಲಿ ಯಾರ ಹತ್ತಿರವೂ ಇರಲಿಲ್ಲ. ಇರುವುದು ಒಂದೇ ದಾರಿ, ಹಳೆಯ ಕಟ್ಟಡದ ಮುಖ್ಯ ಚಾವಿಯನ್ನೇ ತಿರುಗಿಸಿಬಿಡುವುದು.

ಅದನ್ನು ತಿರುಗಿಸುವವನು ಪೈಪುಗಳ ಮೇಲ್ವಿಚಾರಕ. ಸೊಂಟದಲ್ಲಿ ಯಾವಾಗಲೂ ಚಾವಿಗಳ ದೊಡ್ಡ ಗೊಂಚಲು ಜೋಲಾಡುತ್ತಿದ್ದುದರಿಂದ ಎಲ್ಲರಿಗೂ ಚಾವಿಯಣ್ಣ. ಆರು ಗಂಟೆಗೆ ಎಂದು ಕಾದು ಟ್ಯಾಂಕಿನ ಪಕ್ಕದಲ್ಲಿ ಕೂತಿದ್ದ. ಅವಳು ಫೋನು ಹಚ್ಚಿದಳು.

"ಚಾವಿಯಣ್ಣ, ಹಳೇ ಲೈನು ಮುಚ್ಚಿ. ಈಗಲೇ."

"ಈಗಲೇನಾ? ಮೇಲೆ ಎಲ್ಲಾ ಖಾಲಿ ಆಯ್ತಾ ಸಿಸ್ಟರ್? ಒಂದ್ಸಲ ಹೋಗಿ ರೂಮೆಲ್ಲ ನೋಡ್ಕೊಂಡು ಬರ್ತೀನಿ. ನೋಡ್ದೆ ಮುಚ್ಚಬಾರ್ದು ಅಂತ ನೀವೇ ಹೇಳಿದ್ರಿ."

"ನೋಡೋಕೆ ಟೈಮಿಲ್ಲ! ಇಲ್ಲಿ ಎಂಟು ಜನ ಒದ್ದಾಡ್ತಿದ್ದಾರೆ. ಮೂವತ್ತಾರೂ ಬಂದಾಯ್ತು, ಪಟ್ಟಿ ಮುಗೀತು. ಮುಚ್ಚಿ ಅಂದ್ರೆ ಮುಚ್ಚಿ!"

"ಸರಿ ಸಿಸ್ಟರ್."

ಒಂದು ನಿಮಿಷ. ಮುಳ್ಳು ನಿಂತಿತು. ಆಮೇಲೆ ಮೆಲ್ಲಗೆ ಮೇಲೇರಿತು. ಎಂಟು ಎದೆಗಳ ಉಸಿರು ಒಂದೊಂದಾಗಿ ಹದಕ್ಕೆ ಬಂತು. ಯಾರೋ ಚಪ್ಪಾಳೆ ತಟ್ಟಿದರು, ಇನ್ಯಾರೋ ಅತ್ತರು. ಸಾಹೇಬರು ಧಾವಿಸಿ ಬಂದು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನೀವಿಲ್ಲದಿದ್ದರೆ ಇವತ್ತು ನಮ್ಮ ಕಥೆ ಮುಗಿಯುತ್ತಿತ್ತು ಎಂದರು. ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಕೈಗೆ ಟೀ ಕೊಟ್ಟರು. ಬೆಳಗ್ಗೆಯಿಂದ ಅವಳು ಕೂತದ್ದು ಅದೇ ಮೊದಲು.

ಮರೆತಳು ಎಂದರೆ ಅದು ಪೂರ್ತಿ ನಿಜವಲ್ಲ. ಅಮ್ಮ ಅವಳ ತಲೆಯೊಳಗೆ ಪಟ್ಟಿಯ ಕೊನೆಯಲ್ಲಿ ಕೂತಿದ್ದಳು. ಪಟ್ಟಿ ಮುಗಿದಿತ್ತು. ಮುಗಿದ ಪಟ್ಟಿಯಲ್ಲಿದ್ದವರೆಲ್ಲ ಬಂದು ತಲುಪಿದವರೇ ಅಲ್ಲವೇ? ಇಪ್ಪತ್ತಾರು ವರ್ಷ ಹಾಗೆಯೇ ಯೋಚಿಸಿ ಪಳಗಿದ ತಲೆ ಅದು. ಅರ್ಧ ಲೋಟ ಟೀ ಕುಡಿದಳು. ಕಾಲು ಚಾಚಿ ಹಿಮ್ಮಡಿ ತಿಕ್ಕಿಕೊಂಡಳು. ಮುದುಕನ ಮನೆಯವರು ಕೈ ಮುಗಿದಾಗ ನಕ್ಕಳು.

ಎದುರಿಗೆ ತಮ್ಮ ಬಂದು ನಿಂತ.

"ಅಕ್ಕ, ಎಲ್ಲರೂ ಬಂದ್ರಲ್ಲ. ಅಮ್ಮನ್ನ ಯಾವಾಗ ಕರ್ಕೊಂಡು ಬರ್ತೀಯ?"

ಲೋಟ ಎಲ್ಲಿಟ್ಟಳೋ ಅವಳಿಗೆ ನೆನಪಿಲ್ಲ. ಗೋಡೆಯ ಗಡಿಯಾರ ನೋಡಿದ್ದು ನೆನಪಿದೆ. ಚಾವಿ ತಿರುಗಿಸಿ ಇಪ್ಪತ್ತನಾಲ್ಕು ನಿಮಿಷ ಆಗಿತ್ತು.

"ಈಗ ತರ್ತೀನಿ," ಎಂದಳು. ದನಿ ಯಾರದೋ ಎನ್ನುವಂತಿತ್ತು. "ನೀನು ಇಲ್ಲೇ ಇರು. ಬರ್ಬೇಡ."

ಗುಂಡಿಯ ಹಲಗೆ, ರಸ್ತೆ, ರ‍್ಯಾಂಪ್. ಐವತ್ತು ದಾಟಿದ ಹೆಂಗಸು ಆ ಇಳಿಜಾರನ್ನು ಕೆಳಗಿನಿಂದ ಮೇಲಕ್ಕೆ ಓಡಿದಳು. ಬೆಳಗ್ಗೆಯಿಂದ ಗದ್ದಲವಿದ್ದ ವಾರ್ಡು ಬಿಕೋ ಎನ್ನುತ್ತಿತ್ತು. ಯಾವ ಪಾಯಿಂಟೂ ಈಗ ಸದ್ದು ಮಾಡುತ್ತಿರಲಿಲ್ಲ.

ಅಮ್ಮ ಹಾಸಿಗೆಯಲ್ಲಿರಲಿಲ್ಲ. ನಂಗೇನು ಅವಸರ ಎಂದವಳು ಎದ್ದು ಹೊರಟಿದ್ದಳು. ಮೂಗಿನ ನಳಿಕೆ ಕಿತ್ತುಬಂದು ಮಂಚದಿಂದ ಜೋತಿತ್ತು, ಅವಳು ಬಾಗಿಲಿಗೂ ಮಂಚಕ್ಕೂ ನಡುವೆ ಕವುಚಿ ಬಿದ್ದಿದ್ದಳು. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದಳು. ಇನ್ನೊಂದಕ್ಕೆ ಹಾಕಲು ಆಗಿರಲಿಲ್ಲ. ಮೈ ಬೆಚ್ಚಗಿತ್ತು. ದೊಡ್ಡ ಸಿಸ್ಟರ್ ಅವಳನ್ನು ಮಗುಚಿ ಎದೆ ಒತ್ತಿದಳು, ಬಾಯಿಗೆ ಬಾಯಿಟ್ಟು ಊದಿದಳು. ಎಣಿಸುತ್ತ ಒತ್ತಿದಳು, ಮೂವತ್ತಕ್ಕೆ ಎರಡು, ಮೂವತ್ತಕ್ಕೆ ಎರಡು. ಯಾರೋ ಬಂದು ಭುಜ ಹಿಡಿದು ಎಬ್ಬಿಸುವ ತನಕ ನಿಲ್ಲಿಸಲಿಲ್ಲ. ಆಮೇಲೆ ಅಲ್ಲೇ ನೆಲದ ಮೇಲೆ ಕೂತು, ಗಂಟಲು ಹರಿಯುವ ಹಾಗೆ ಅತ್ತಳು.

ಕಿರಿಯ ನರ್ಸು ಬಾಗಿಲಿಗೆ ಒರಗಿ ಬಿಕ್ಕುತ್ತಿದ್ದಳು. ಮೂರು ಗಂಟೆಗೆ ಅವಳು ಇದೇ ಬಾಗಿಲ ಮುಂದೆ ಹಾದುಹೋಗಿದ್ದಳು. ಅಜ್ಜಿ ಕೈಬೀಸಿದ್ದಳಂತೆ. "ನೀವು ಇರ್ತೀರ ಅಂದ್ಕೊಂಡೆ ಸಿಸ್ಟರ್. ನಿಮ್ಮಮ್ಮ ಅಲ್ವಾ, ನೀವು ನೋಡ್ಕೋತೀರ ಅಂದ್ಕೊಂಡೆ." ಸ್ಟ್ರೆಚರ್ ತಳ್ಳಿದವರೂ ಅದನ್ನೇ ಹೇಳಿದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ.

ಸಾಹೇಬರು ಬಂದರು. ಅವಳನ್ನು ಪಕ್ಕದ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. ಒಳ್ಳೆಯ ಮನುಷ್ಯ, ಒಳ್ಳೆಯದನ್ನೇ ಮಾಡಲು ಹೊರಟಿದ್ದರು.

"ನೋಡಿ ಸಿಸ್ಟರ್, ವರದಿ ಇವತ್ತೇ ಹೋಗ್ಬೇಕು. ಮೂವತ್ತಾರಕ್ಕೆ ಮೂವತ್ತಾರು, ಅದು ನಿಜ. ಇದು... ಇವರು ಪಟ್ಟಿಯಲ್ಲೇ ಇರಲಿಲ್ಲ. ಲೈನು ಮುಚ್ಚೋ ಮುಂಚೆ ರೂಮು ನೋಡೋದು ಅವನ ಕೆಲಸ, ನಿಮ್ಮದಲ್ಲ. ನಿಯಮ ಹಾಗೇ ಇದೆ. ಅವನು ನೋಡಲಿಲ್ಲ."

ಕಿಟಕಿಯಾಚೆ ಚಾವಿಯಣ್ಣ ಕಾಣುತ್ತಿದ್ದ. ಗೊಂಚಲನ್ನು ಸೊಂಟದಿಂದ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಯಾರ ಕೈಗೆ ಕೊಡಬೇಕೆಂದು ತಿಳಿಯದೆ ನಿಂತಿದ್ದ.

"ನೋಡ್ತೀನಿ ಅಂದ," ಎಂದಳು ಅವಳು. "ನಾನೇ ಬೇಡ ಅಂದೆ."

"ಫೋನಲ್ಲಿ ಏನು ಮಾತಾಡಿದ್ರಿ ಅಂತ ಯಾರಿಗೆ ಗೊತ್ತು?"

"ನಂಗೆ ಗೊತ್ತು. ಅವನಿಗೆ ಗೊತ್ತು. ಮೂವತ್ತೇಳು ಅಂತ ಬರೀರಿ ಸಾರ್. ಒಬ್ಬರು ತೀರಿಕೊಂಡ್ರು, ಇನ್‌ಚಾರ್ಜ್ ಹೇಳಿದ್ದಕ್ಕೆ ಲೈನು ಮುಚ್ಚಿದ್ರು ಅಂತ ಬರೀರಿ. ನೀವು ಬರೀದಿದ್ರೆ ನಾನು ಬರೀತೀನಿ."

ಸಾಹೇಬರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಆಯ್ತು. ಆದ್ರೆ ತಮ್ಮನಿಗಾದ್ರೂ, ಕೊನೇಲಿ ನೀವು ಹತ್ರ ಇದ್ರಿ ಅಂತ ಹೇಳಿ. ಅಷ್ಟು ಸಮಾಧಾನ ಅವನಿಗೆ ಸಿಗ್ಲಿ. ಯಾರಿಗೂ ನಷ್ಟವಿಲ್ಲ."

ರಸ್ತೆ ದಾಟುವಾಗ ಆ ಮಾತು ಅವಳ ಜೊತೆಗೇ ಬಂತು. ಹೇಳಿಬಿಡಬಹುದು. ಕೈ ಹಿಡಿದುಕೊಂಡಿದ್ದೆ, ನಿನ್ನ ಹೆಸರು ಹೇಳಿದಳು, ನೆಮ್ಮದಿಯಾಗಿ ಹೋದಳು. ಅವನು ನಂಬುತ್ತಾನೆ. ಚಿಕ್ಕಂದಿನಿಂದ ಅಕ್ಕ ಹೇಳಿದ್ದನ್ನೆಲ್ಲ ನಂಬಿದವನು.

ತಮ್ಮ ಅವಳು ಹೇಳಿದ ಜಾಗದಲ್ಲೇ ಇದ್ದ. ಹಾಸಿಗೆಗೆ ಹೊದಿಕೆ ಹಾಸಿ, ಒಂದು ಸುಕ್ಕೂ ಇಲ್ಲದಂತೆ ಎಳೆದಿದ್ದ. ಬಿಸಿನೀರಿನ ಫ್ಲಾಸ್ಕು ಪಕ್ಕದಲ್ಲಿತ್ತು. ಖಾಲಿ ಕೈಯಲ್ಲಿ ಬಂದ ಅಕ್ಕನ ಮುಖ ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು. ಮಂಚದ ಕಂಬಿ ಹಿಡಿದುಕೊಂಡ.

"ಯಾವಾಗ?"

"ನಾಲ್ಕು ಗಂಟೆ ಸುಮಾರಿಗೆ."

"ಹತ್ರ ಯಾರಿದ್ರು?"

ಅವಳು ಬಾಯಿ ತೆರೆದಳು. ನಾನಿದ್ದೆ ಎನ್ನುವ ಮೂರಕ್ಷರದ ದಾರಿ ತೆರೆದೇ ಇತ್ತು.

"ಯಾರೂ ಇರ್ಲಿಲ್ಲ ಕಣೋ. ಗಾಳಿ ಮುಚ್ಚಿ ಅಂತ ನಾನೇ ಹೇಳ್ದೆ. ಇಲ್ಲಿ ಟೀ ಕುಡೀತಿದ್ದೆ, ನೀನು ಬಂದು ಕೇಳಿದೆಯಲ್ಲ, ಆವಾಗ."

ತಮ್ಮ ಕೂಗಾಡಲಿಲ್ಲ. ಹೊಡೆದಿದ್ದರೂ ಅವಳಿಗೆ ಹಗುರವಾಗುತ್ತಿತ್ತು. ತುಂಬಿದ ವಾರ್ಡನ್ನು, ಸಾಲಾಗಿ ಮಲಗಿದ್ದ ಮೂವತ್ತಾರು ಮಂದಿಯನ್ನು, ಪ್ರತಿಯೊಬ್ಬರ ತಲೆಯ ಮೇಲೆ ತೂಗುತ್ತಿದ್ದ ನಂಬರಿನ ರಟ್ಟಿನ ಚೀಟಿಗಳನ್ನು ಅವನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದ.

"ಅವಳಿಗೆ ಎಷ್ಟನೇ ನಂಬರು ಕೊಟ್ಟಿದ್ದೆ ಅಕ್ಕ?"

"ಕೊಟ್ಟಿರ್ಲಿಲ್ಲ," ಎಂದಳು. "ಅವಳನ್ನ ಮರೆಯಲ್ಲ ಅಂದ್ಕೊಂಡಿದ್ದೆ."